ಲಾಗ್‌ಬುಕ್‌ನಲ್ಲಿ ಖಾಲಿ ಚಾಪ್ಟರ್ ಯಾವುದು ಅಂತ ಮೊದಲೇ ನೋಡಿಕೊಳ್ಳಿ

ಕಾರವಾರದ ಟ್ಯಾಗೋರ್ ಕಡಲತೀರದ ಹತ್ತಿರ ನೌಕಾಪಡೆಯ ಹಳೆಯ ಟಿಯು-142 ವಿಮಾನ ತಂದು ನಿಲ್ಲಿಸಿದ ಮೇಲೆ ನಮ್ಮ ಕಡೆಯ ಹುಡುಗರು ಒಂದು ಪ್ರಶ್ನೆ ಜಾಸ್ತಿ ಕೇಳುತ್ತಿದ್ದಾರೆ. "ಅಕ್ಕಾ, ವಿಮಾನ ರಿಪೇರಿ ಕೆಲಸಕ್ಕೆ ಸೇರೋದು ಹೆಂಗೆ?" ಸೇರುವ ದಾರಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಸೇರಿದ ಮೇಲೆ ಲೈಸೆನ್ಸ್ ಕೈಗೆ ಬರುವವರೆಗಿನ ದಾರಿಯ ಬಗ್ಗೆ ಮಾತಾಡುವವರು ಕಡಿಮೆ. ಅಲ್ಲಿ ಎಲ್ಲಕ್ಕಿಂತ ಜಾಸ್ತಿ ಸತಾಯಿಸುವುದು ಪರೀಕ್ಷೆಯಲ್ಲ, ಲಾಗ್‌ಬುಕ್, ಅಂದರೆ ಮಾಡಿದ ಕೆಲಸ ಬರೆದು ಸಹಿ ಹಾಕಿಸಿಕೊಳ್ಳುವ ಪುಸ್ತಕ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಊರು ಅಂಕೋಲಾ. ಕೆಲಸ ಬೆಂಗಳೂರಿನ ಒಂದು ಹ್ಯಾಂಗರ್‌ನಲ್ಲಿ, ಅಂದರೆ ವಿಮಾನ ನಿಲ್ಲಿಸಿ ರಿಪೇರಿ ಮಾಡುವ ದೊಡ್ಡ ಶೆಡ್‌ನಲ್ಲಿ. ಬಿ1.1 ಲೈಸೆನ್ಸ್ ಇದೆ, ಅಪ್ರೆಂಟಿಸ್‌ಗಳ ಲಾಗ್‌ಬುಕ್‌ಗೆ ಸಹಿ ಹಾಕುವ ಕೆಲಸವೂ ನನ್ನ ಪಾಲಿಗೆ ಬರುತ್ತದೆ.

ಮೊದಲು ನಿಯಮ. ನಮ್ಮ ಲೈಸೆನ್ಸ್ ಕೊಡುವುದು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅದರ ಸಿಎಆರ್-66 ನಿಯಮದ ಪ್ರಕಾರ. ಜೆಟ್ ಆಗಲಿ, ಟರ್ಬೊಪ್ರಾಪ್ ಆಗಲಿ, ಟರ್ಬೈನ್ ಇಂಜಿನ್ ಇರುವ ವಿಮಾನದ ಮೆಕ್ಯಾನಿಕಲ್ ಕೆಲಸ ಬಿ1.1ಕ್ಕೆ ಬರುತ್ತದೆ. ತರಬೇತಿಯ ಸಣ್ಣ ಪಿಸ್ಟನ್ ವಿಮಾನ ಬಿ1.2. ಏವಿಯಾನಿಕ್ಸ್, ಅಂದರೆ ವಿಮಾನದ ಎಲೆಕ್ಟ್ರಾನಿಕ್ ಉಪಕರಣಗಳ ಕೆಲಸ, ಬಿ2. ಸಿಎಆರ್-147 ಅನ್ನುವ ತರಬೇತಿ ಸಂಸ್ಥೆಗಳ ನಿಯಮದಡಿ ಮಾನ್ಯತೆ ಇರುವ ಸಂಸ್ಥೆಯಲ್ಲಿ ಬೇಸಿಕ್ ಕೋರ್ಸ್ ಮುಗಿಸಿದವರಿಗೆ ಬಿ1.1 ಅಥವಾ ಬಿ2 ಬೇಕಾದರೆ 2 ವರ್ಷ ಕೈಕೆಲಸದ ಅನುಭವ ಬೇಕು. ಯಾವ ತಾಂತ್ರಿಕ ತರಬೇತಿಯೂ ಇಲ್ಲದೆ ನೇರ ಕೆಲಸಕ್ಕೆ ಬಂದವರಿಗೆ ಅದೇ 5 ವರ್ಷ. ಮಾಡ್ಯೂಲ್ ಪರೀಕ್ಷೆಗಳಲ್ಲಿ, ಅಂದರೆ ಒಂದೊಂದು ವಿಷಯದ ಪರೀಕ್ಷೆಯಲ್ಲಿ, ಪಾಸಾಗಲು ಶೇಕಡಾ 75 ಅಂಕ ಬೇಕು. ಅದಕ್ಕೆ ನಮ್ಮ ಮಕ್ಕಳು ರಾತ್ರಿ ಕೂತು ಓದುತ್ತಾರೆ, ಪಾಸೂ ಆಗುತ್ತಾರೆ. ಆಮೇಲೆ "ಎರಡು ವರ್ಷ ತಾನೇ, ಕಳೀತದೆ" ಅಂದುಕೊಳ್ಳುತ್ತಾರೆ. ವರ್ಷ ಕಳೆಯುತ್ತದೆ ನಿಜ, ಆದರೆ ಸುಮ್ನೆ ಕಳೆದ ವರ್ಷವನ್ನು ಯಾರೂ ಅನುಭವ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅನುಭವಕ್ಕೆ ದಾಖಲೆ ಲಾಗ್‌ಬುಕ್. ಯಾವ ವಿಮಾನದಲ್ಲಿ, ಎಲ್ಲಿ, ಯಾವಾಗ, ಏನು ಕೆಲಸ ಮಾಡಿದ್ದೀರಿ ಅನ್ನುವುದು ಅದನ್ನು ಓದಿದವರಿಗೆ ತಿಳಿಯಬೇಕು. "ಎರಡು ವರ್ಷ ಮೇಂಟೆನೆನ್ಸ್ ಮಾಡಿದ್ದೇನೆ" ಅನ್ನುವ ಒಂದು ಸಾಲಿಗೆ ಬೆಲೆಯಿಲ್ಲ. ಕೆಲಸಗಳು ಬೇರೆ ಬೇರೆ ಸಿಸ್ಟಮ್‌ಗಳಲ್ಲಿ ಹರಡಿರಬೇಕು. ಒಂದೇ ಬಗೆಯ ಕೆಲಸ ಎಷ್ಟು ಸಲ ಮಾಡಿದರೂ ಸಾಲದು.

ನಮ್ಮ ಹ್ಯಾಂಗರ್‌ಗೆ ಕಾರವಾರದ ಬೈತಖೋಲದ ಹುಡುಗನೊಬ್ಬ ಅಪ್ರೆಂಟಿಸ್ ಆಗಿ ಬಂದ. ಅಪ್ಪ ಮೀನುಗಾರಿಕೆ ಬೋಟಿನ ಡೀಸೆಲ್ ಇಂಜಿನ್ ರಿಪೇರಿ ಮಾಡುವವರು. ಹುಡುಗನ ಕೈಯಲ್ಲಿ ಕಸುಬು ಮೊದಲೇ ಇತ್ತು. ನಟ್ ಬೋಲ್ಟ್ ಸಡಿಲವಾಗದಂತೆ ಬಿಗಿಯುವ ಲಾಕ್‌ವೈರ್ ಹಾಕಿದರೆ ನೋಡುತ್ತ ನಿಲ್ಲಬೇಕು ಅನಿಸುವಷ್ಟು ಚೆಂದ. ಬರೆಯುವುದು ಮಾತ್ರ ಅವನಿಗೆ ಬೇಡದ ಕೆಲಸ. ಅವನ ಲಾಗ್‌ಬುಕ್ ತೆರೆದರೆ ಸಾಲು ಸಾಲಾಗಿ ಒಂದೇ ಮಾತು: "ಚಕ್ರ ಬದಲಿಸಲು ಸಹಾಯ ಮಾಡಿದೆ."

"ತಮಾ, ಸಹಾಯ ಅಂದ್ರೆ ಏನು ಮಾಡಿದೆ ನೀನು?" ಅಂತ ಕೇಳಿದೆ.

"ಎಲ್ಲ ನಾನೇ ಮಾಡಿದ್ದು ಅಕ್ಕಾ. ಸರ್ ಪಕ್ಕದಲ್ಲಿ ನಿಂತು ನೋಡ್ತಾ ಇದ್ರು."

"ಮತ್ತೆ ಅದನ್ನೇ ಬರಿ."

ಇಬ್ಬರೂ ಕೂತು ಆ ಒಂದು ಸಾಲನ್ನು ಹೊಸದಾಗಿ ಬರೆದೆವು. ದಿನಾಂಕ, ವಿಮಾನದ ನೋಂದಣಿ, ಮಾದರಿ ಎ320, ಎಟಿಎ 32-41 (ಎಟಿಎ ಅಂದರೆ ವಿಮಾನದ ಒಂದೊಂದು ಸಿಸ್ಟಮ್‌ಗೆ ಕೊಟ್ಟ ಚಾಪ್ಟರ್ ನಂಬರ್, 32 ಲ್ಯಾಂಡಿಂಗ್ ಗೇರ್), ಜಾಬ್ ಕಾರ್ಡ್ ಅಂದರೆ ಆ ಕೆಲಸದ ಚೀಟಿಯ ನಂಬರ್. ಆಮೇಲೆ ಕೆಲಸ: ಲ್ಯಾಂಡಿಂಗ್ ಗೇರ್‌ಗೆ ಲಾಕ್ ಪಿನ್ ಹಾಕಿ, ವಿಮಾನ ಉರುಳದಂತೆ ಚಕ್ರಕ್ಕೆ ಚಾಕ್ ಇಟ್ಟು, ಜಾಕ್ ಏರಿಸಿ ಬಲಗಡೆಯ ಹೊರಬದಿಯ 4ನೇ ಚಕ್ರ ಬಿಚ್ಚಿದ್ದು. ಆಕ್ಸಲ್ ಒರೆಸಿ, ಗಾಯ ಇದೆಯೇ ನೋಡಿ, ಗ್ರೀಸ್ ಹಚ್ಚಿದ್ದು. ಬೇರೆ ಚಕ್ರ ಕೂರಿಸಿ, ಚಕ್ರ ತಿರುಗಿಸುತ್ತಲೇ ನಟ್‌ಗೆ ಟಾರ್ಕ್ (ಅಳತೆಯ ಬಿಗಿ) ಕೊಟ್ಟು, ಸಡಿಲಿಸಿ, ಮತ್ತೆ ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ ತಂದಿದ್ದು. ಟೈರಿನ ನೈಟ್ರೊಜನ್ ಒತ್ತಡ ನೋಡಿದ್ದು. ಬಳಸಿದ ಟಾರ್ಕ್ ರೆಂಚ್‌ನ ನಂಬರ್. ಕೊನೆಗೆ ಯಾರ ಮೇಲ್ವಿಚಾರಣೆಯಲ್ಲಿ ಮಾಡಿದ್ದು, ಅವರ ಸಹಿ, ಲೈಸೆನ್ಸ್ ನಂಬರ್.

"ಚಕ್ರ ತಿರುಗಿಸುತ್ತಲೇ" ಅನ್ನುವುದನ್ನು ನಾನು ಬೇಕೆಂದೇ ಬರೆಸಿದೆ. ಚಕ್ರ ನಿಂತಿರುವಾಗ ನಟ್ ಬಿಗಿ ಮಾಡಿದರೆ ಬೇರಿಂಗ್ ಸರಿಯಾಗಿ ಕೂರುವುದಿಲ್ಲ. ಅದನ್ನು ಬರೆದವನು ಆ ಕೆಲಸವನ್ನು ಕೈಯಾರೆ ಮಾಡಿದ್ದಾನೆ, ಯಾಕೆ ಹಾಗೆ ಅಂತ ತಿಳಿದಿದ್ದಾನೆ ಅಂತ ನನಗೆ ಗೊತ್ತಾಗುತ್ತದೆ. ಸಹಿ ಹಾಕಲು ನನಗೂ ಧೈರ್ಯ ಬರುತ್ತದೆ. ಪ್ರತಿ ಚಕ್ರಕ್ಕೂ ಇಷ್ಟುದ್ದ ಬರೆಯಬೇಕಿಲ್ಲ. ಹೊಸ ಕೆಲಸ ಮೊದಲ ಸಲ ಮಾಡಿದಾಗ ಬರೆಯಿರಿ, ಮುಂದಿನ ಸಲಕ್ಕೆ ಎರಡು ಸಾಲು ಸಾಕು.

ಜಾಬ್ ಕಾರ್ಡ್ ನಂಬರ್ ಮಾತ್ರ ಯಾವ ಸಲವೂ ಬಿಡಬೇಡಿ. ನಿಮ್ಮ ಮಾತಿಗೆ ಸಾಕ್ಷಿ ಅದೇ. ಆ ಕಾರ್ಡ್ ಕಂಪನಿಯ ದಾಖಲೆಯಲ್ಲಿರುತ್ತದೆ, ವಿಮಾನ ಅವತ್ತು ಯಾವ ಊರಲ್ಲಿತ್ತು ಅನ್ನುವುದೂ ಇರುತ್ತದೆ, ನೀವು ಯಾವ ಶಿಫ್ಟ್‌ನಲ್ಲಿದ್ದಿರಿ ಅನ್ನುವುದೂ ಇರುತ್ತದೆ. ಆರು ತಿಂಗಳು ಬಿಟ್ಟು ನೆನಪು ಮಾಡಿಕೊಂಡು ಬರೆದರೆ ಇವು ಒಂದಕ್ಕೊಂದು ತಾಳೆಯಾಗುವುದಿಲ್ಲ. ಗೆಳೆಯನ ಪುಸ್ತಕ ನೋಡಿ ಇಳಿಸಿದರಂತೂ ಕೇಳಲೇಬೇಡಿ. ಹಾಗೆ ತಂದ ಪುಸ್ತಕಕ್ಕೆ ನಾನು ಸಹಿ ಹಾಕುವುದಿಲ್ಲ, ಹಾಕಬಾರದು. ಆ ಸಹಿ ನಂಬಿ ನಾಳೆ ಅವನು ವಿಮಾನವನ್ನು ಹಾರಾಟಕ್ಕೆ ಬಿಡುಗಡೆ ಮಾಡುತ್ತಾನೆ. ಅದರಲ್ಲಿ ಯಾರದೋ ಮನೆಯ ಮಕ್ಕಳು ಕೂತಿರುತ್ತಾರೆ. ಆದ್ದರಿಂದ ಶಿಫ್ಟ್ ಮುಗಿದು ಕೈ ತೊಳೆದ ಮೇಲೆ, ಬಸ್ ಹತ್ತುವ ಮೊದಲು ಬರೆದುಬಿಡಿ. ಸಹಿಯನ್ನೂ ಅದೇ ವಾರದಲ್ಲಿ ಪಡೆಯಿರಿ. ಸೂಪರ್‌ವೈಸರ್‌ಗಳು ಕೆಲಸ ಬಿಡುತ್ತಾರೆ, ಬೇರೆ ಊರಿಗೆ ಹೋಗುತ್ತಾರೆ. ಆಮೇಲೆ ಅವರನ್ನು ಹುಡುಕಿಕೊಂಡು ದೆಹಲಿಗೋ ಹೈದರಾಬಾದಿಗೋ ಹೋಗುವವರು ಯಾರು?

ಈಗ ಖಾಲಿ ಚಾಪ್ಟರ್ ವಿಷಯ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಲೈನ್‌ನಲ್ಲಿ, ಅಂದರೆ ವಿಮಾನ ಬಂದು ಹೋಗುವ ಕಡೆ ಹಾಕಿದರೆ ನಿಮಗೆ ಸಿಗುವುದು ಎಣ್ಣೆ ಹಾಕುವುದು, ಚಕ್ರ, ಬ್ರೇಕ್, ದೀಪ, ಸೀಟು. ಎಟಿಎ ಲೆಕ್ಕದಲ್ಲಿ 12, 32, 33, 25. ಪುಸ್ತಕ ತುಂಬುತ್ತದೆ, ಮನಸ್ಸಿಗೂ ಖುಷಿ. ಆದರೆ 27 ಅಂದರೆ ಫ್ಲೈಟ್ ಕಂಟ್ರೋಲ್, 28 ಇಂಧನ, 29 ಹೈಡ್ರಾಲಿಕ್, 71ರಿಂದ 80ರವರೆಗಿನ ಇಂಜಿನ್ ಚಾಪ್ಟರ್‌ಗಳು ಹಾಗೇ ಉಳಿದಿರುತ್ತವೆ. ಆ ಕೆಲಸ ಸಿಗುವುದು ಹೆಚ್ಚಾಗಿ ಹ್ಯಾಂಗರ್‌ನ ದೊಡ್ಡ ಚೆಕ್‌ಗಳಲ್ಲಿ. ಸಿ ಚೆಕ್ ಅನ್ನುವ ಅಂಥ ದೊಡ್ಡ ತಪಾಸಣೆಗೆ ವಿಮಾನ ಬಂದಾಗ ಪ್ಯಾನೆಲ್ ಎಲ್ಲ ತೆಗೆದಿರುತ್ತಾರೆ. ಬೋರೋಸ್ಕೋಪ್ ಅನ್ನುವ ಕೊಳವೆಯಂಥ ಕ್ಯಾಮೆರಾ ಹಾಕಿ ಇಂಜಿನ್ ಒಳಗೆ ನೋಡುವುದನ್ನು ಕಾಣಬಹುದು. ಫ್ಲೈಟ್ ಕಂಟ್ರೋಲ್ ಬಿಚ್ಚಿ ಕಟ್ಟಿದ ಮೇಲೆ ಎರಡನೆಯವರೊಬ್ಬರು ಬೇರೆಯಾಗಿ ಬಂದು ಪರೀಕ್ಷಿಸುವುದನ್ನು ಪಕ್ಕದಲ್ಲೇ ನಿಂತು ಕಲಿಯಬಹುದು.

ಮೂರು ತಿಂಗಳಿಗೊಮ್ಮೆ ಒಂದು ಹಾಳೆಯಲ್ಲಿ ಚಾಪ್ಟರ್ ನಂಬರ್ ಬರೆದು, ಮಾಡಿದ ಕೆಲಸಕ್ಕೆ ಗೆರೆ ಎಳೆಯುತ್ತ ಹೋಗಿ. ಖಾಲಿ ಉಳಿದಿದ್ದು ಕಣ್ಣಿಗೆ ರಾಚುತ್ತದೆ. ಆ ಹಾಳೆ ಹಿಡಿದು ಶಿಫ್ಟ್ ಇನ್‌ಚಾರ್ಜ್ ಹತ್ತಿರ ಹೋಗಿ. ನಮ್ಮ ಕಡೆಯ ಮಕ್ಕಳಿಗೆ ಬಾಯಿಬಿಟ್ಟು ಕೇಳಲು ಸಂಕೋಚ. ಶಿರಸಿ, ಸಿದ್ದಾಪುರದ ಕಡೆಯವರಿಗಂತೂ ಇನ್ನೂ ಜಾಸ್ತಿ. "ಕೆಲಸ ನೋಡಿ ಅವರೇ ಕೊಡ್ತಾರೆ" ಅಂತ ಕಾಯುತ್ತಾರೆ. ಇನ್‌ಚಾರ್ಜ್ ತಲೆಯಲ್ಲಿ ವಿಮಾನ ಹೊರಡುವ ಹೊತ್ತು ಇರುತ್ತದೆ, ನಿಮ್ಮ ಪುಸ್ತಕ ಇರುವುದಿಲ್ಲ. "ಸರ್, ನನಗೆ ಹೈಡ್ರಾಲಿಕ್ ಕೆಲಸ ಒಂದೂ ಆಗಿಲ್ಲ, ಮುಂದಿನ ಚೆಕ್‌ನಲ್ಲಿ ಆ ಗುಂಪಿಗೆ ಹಾಕ್ತೀರಾ?" ಅಂತ ಕೇಳಿದರೆ ಹೆಚ್ಚಿನವರು ಹಾಕುತ್ತಾರೆ. ಬರೇ "ಕೆಲಸ ಕೊಡಿ ಸರ್" ಅಂದರೆ ಪೊರಕೆಯೇ ಸಿಗಬಹುದು. ಬೈತಖೋಲದ ಹುಡುಗ ಹೀಗೆ ಕೇಳಿಯೇ ಇಂಜಿನ್ ಬದಲಿಸುವ ಗುಂಪಿಗೆ ಸೇರಿದ.

ನಮ್ಮ ಊರಿಗೆ ಬೇಕಾದ ಇನ್ನೊಂದು ಮಾತು. ನೌಕಾಪಡೆಯ ಸೀಬರ್ಡ್ ನೆಲೆ ಇರುವ ಊರು, ನೌಕಾಪಡೆಯಲ್ಲಿ ವಿಮಾನದ ಕೆಲಸ ಮಾಡಿ ನಿವೃತ್ತರಾದವರೂ ಕೇಳುತ್ತಾರೆ. ಸಮಾನ ಅನ್ನಿಸಿದರೆ ಆ ಅನುಭವಕ್ಕೂ ಬೆಲೆ ಇದೆ, ಆದರೆ ಅದರ ಮೇಲೆ ನಾಗರಿಕ ವಿಮಾನದ ಅನುಭವವೂ ಸೇರಬೇಕು. ಸೇವೆಯಲ್ಲಿರುವಾಗಲೇ ದಾಖಲೆ ಸರಿ ಇಟ್ಟುಕೊಂಡರೆ ಆಮೇಲೆ ಓಡಾಟ ಕಡಿಮೆ.

ಪುಸ್ತಕವನ್ನು ಊರಿಗೆ ತರುವವರು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತನ್ನಿ. ಕರಾವಳಿಯ ಮಳೆಗಾಲದಲ್ಲಿ ಕಪಾಟಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಕಾಗದ ಯಾವ ಲೆಕ್ಕ? ಜೆಲ್ ಪೆನ್ ಬೇಡ, ಬಾಲ್ ಪೆನ್ ಇರಲಿ. ಸಹಿ ಬಿದ್ದ ಪ್ರತಿ ಪುಟದ ಫೋಟೊ ತೆಗೆದು ಮೇಲ್‌ನಲ್ಲಿ ಇಟ್ಟುಕೊಳ್ಳಿ.

ಲೈಸೆನ್ಸ್ ಬಂದ ಮೇಲೆ ಪುಸ್ತಕ ಅಟ್ಟಕ್ಕೆ ಹಾಕಬೇಡಿ. ಲೈಸೆನ್ಸ್ ಬಳಸಿ ಸಹಿ ಹಾಕುವವರು ಹಿಂದಿನ 2 ವರ್ಷದಲ್ಲಿ 6 ತಿಂಗಳಾದರೂ ಕೆಲಸ ಮಾಡಿರಬೇಕು ಅಂತ ನಿಯಮವಿದೆ. ಮದುವೆ, ಹೆರಿಗೆ, ಮನೆಯವರ ಕಾಯಿಲೆ ಅಂತ ನಡುವೆ ಬಿಡುವು ಬಂದವರಿಗೆ, ನಮ್ಮಂಥ ಹೆಣ್ಣುಮಕ್ಕಳಿಗೆ ಜಾಸ್ತಿ, ಆಗ ಕೈಹಿಡಿಯುವುದು ಹಳೆಯ ಪುಟಗಳೇ. ನಾನು ಈಗಲೂ ಬರೆಯುತ್ತೇನೆ. ಯಾರಿಗಾದರೂ ತಮ್ಮ ಚಾಪ್ಟರ್ ಹಾಳೆ ಮಾಡಿಕೊಳ್ಳುವುದು ತಿಳಿಯದಿದ್ದರೆ ಪುಸ್ತಕ ಹಿಡಿದು ಬನ್ನಿ, ಚೌತಿಗೆ ಊರಲ್ಲಿರುತ್ತೇನೆ.