ನಾಲ್ಕು ನಿಪ್ಪಲ್, ಒಂದು ಗ್ರೀಸ್ ಗನ್

ಚಕ್ರ ಮಡಚಿಕೊಂಡಾಗ ಕಾರು ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ಚಲಿಸುತ್ತಿತ್ತು. ಮನೆ ಮುಂದಿನ ಜಾಗದಿಂದ ರಿವರ್ಸ್ ತೆಗೆಯುತ್ತಿದ್ದೆ. ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿತ್ತು. ಕೆಳಗಿನಿಂದ ಟಪ್ ಅಂತ ಒಂದು ಶಬ್ದ ಬಂತು. ಎಡಗಡೆಯ ಮೂಲೆ ದಡಕ್ಕನೆ ಕುಸಿಯಿತು. ಇಳಿದು ನೋಡಿದರೆ ಎಡ ಮುಂಚಕ್ರ ಮಡ್‌ಗಾರ್ಡ್ ಒಳಗೆ ಓರೆಯಾಗಿ ಮಲಗಿತ್ತು. ಹಿಂದಿನ ಸೀಟಿನಲ್ಲಿ ಮಗಳು ಕೂತಿದ್ದಳು. ಐದು ನಿಮಿಷ ಕಳೆದಿದ್ದರೆ ನಾವು ದೊಡ್ಡ ರಸ್ತೆಯಲ್ಲಿ ಇರುತ್ತಿದ್ದೆವು.

ಆ ದಿನ ನಡೆದದ್ದಕ್ಕೆ ಕಾರಣ ಒಂದು ಗ್ರೀಸ್ ನಿಪ್ಪಲ್, ಗನ್ನಿನಿಂದ ಗ್ರೀಸ್ ಒಳಗೆ ತಳ್ಳುವ ಸಣ್ಣ ಬಾಯಿ. ಕಡಲೆಕಾಳಿನಷ್ಟು ದೊಡ್ಡದು, ಅಷ್ಟೇ. ಅದರ ಕಥೆ ಹೇಳುವ ಮೊದಲು ಕಾರಿನ ಪರಿಚಯ ಮಾಡಿಕೊಡುತ್ತೇನೆ.

ನಮ್ಮದು 1967ರ ಮಾರಿಸ್ ಮೈನರ್ ಟ್ರಾವೆಲರ್. ಮುಂದಿನ ಅರ್ಧ ತಗಡು, ಹಿಂದಿನ ಅರ್ಧ ಮರದ ಚೌಕಟ್ಟು. ಇಂಗ್ಲೆಂಡಿಗೆ ಬಂದ ಮೂರನೇ ವರ್ಷ ಕೊಂಡೆವು. ನಾವಿರುವುದು ಆಕ್ಸ್‌ಫರ್ಡ್ ಪಕ್ಕದ ಒಂದು ಹಳ್ಳಿಯಲ್ಲಿ. ಮಾರಿಸ್ ಕಾರ್ಖಾನೆ ಇದ್ದದ್ದು ಇಲ್ಲೇ ಕೌಲಿಯಲ್ಲಿ. ಈಗ ಅಲ್ಲಿ ಮಿನಿ ಕಾರು ತಯಾರಾಗುತ್ತದೆ. ಕಂಪನಿ ಕಟ್ಟಿದ ವಿಲಿಯಂ ಮಾರಿಸ್ ಶುರುವಿನಲ್ಲಿ ಇದೇ ಊರಿನಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದವರು. ಮೈನರ್ ಕಾರನ್ನು ರೂಪಿಸಿದವರು ಅಲೆಕ್ ಇಸಿಗೋನಿಸ್. 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಜನ ಅದನ್ನು ಮೊದಲ ಸಲ ನೋಡಿದರು. ಹತ್ತು ಲಕ್ಷ ಮುಟ್ಟಿದ ಮೊದಲ ಬ್ರಿಟಿಷ್ ಕಾರು ಅದು.

ಊರಿನ ನಿಮಗೆ ಈ ಮನೆತನ ಹೊಸದೇನೂ ಅಲ್ಲ. ನಮ್ಮ ಅಂಬಾಸಿಡರ್ ಅಂದರೆ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೇ ಸರಣಿ. ಅಚ್ಚು ಇಲ್ಲಿಂದ ಹೋಯಿತು, ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ಕಾರು ಹೊರಬರುತ್ತಲೇ ಇತ್ತು. ಮೈನರ್ ಕೂಡ ಒಂದು ಕಾಲಕ್ಕೆ ‘ಬೇಬಿ ಹಿಂದೂಸ್ತಾನ್’ ಅನ್ನುವ ಹೆಸರಿನಲ್ಲಿ ನಮ್ಮ ರಸ್ತೆಗಳಲ್ಲಿ ಓಡಿದೆ. ಈ ಕಾರಿನ ಬಾನೆಟ್ ಮೊದಲ ಸಲ ಎತ್ತಿದಾಗ ಬಿಸಿ ಎಣ್ಣೆ, ಹಳೇ ರಬ್ಬರ್, ಪೆಟ್ರೋಲ್ ಎಲ್ಲಾ ಬೆರೆತ ಒಂದು ವಾಸನೆ ಬಂತು. ದೊಡ್ಡಪ್ಪನ ಅಂಬಾಸಿಡರ್ ವಾಸನೆ ಅದು. ಕೊಳ್ಳುವ ತೀರ್ಮಾನ ಅಲ್ಲೇ ಆಗಿಹೋಯಿತು.

ಆದರೆ ದೊಡ್ಡಪ್ಪ ಒಂದು ದಿನವೂ ಸ್ಪ್ಯಾನರ್ ಹಿಡಿದದ್ದು ನಾನು ನೋಡಿಲ್ಲ. ಬೀದಿ ಕೊನೆಯಲ್ಲಿ ಮೆಕ್ಯಾನಿಕ್ ಇದ್ದರು. ಶಬ್ದ ಕೇಳಿಯೇ ರೋಗ ಹೇಳುತ್ತಿದ್ದರು. ಇಲ್ಲಿ ಹಾಗಿಲ್ಲ. ಗ್ಯಾರೇಜಿನವರು ಗಂಟೆ ಲೆಕ್ಕದಲ್ಲಿ ಹಣ ತೆಗೆದುಕೊಳ್ಳುತ್ತಾರೆ, ಅದು ಜಾಸ್ತಿಯೇ. ಕಂಪ್ಯೂಟರ್ ಹಚ್ಚಿ ರಿಪೇರಿ ಕಲಿತ ಹುಡುಗರಿಗೆ ಕಾಂಟ್ಯಾಕ್ಟ್ ಪಾಯಿಂಟ್ ಹೊಂದಿಸುವುದು ಗೊತ್ತಿರುವುದೂ ಕಡಿಮೆ. ಹಳೇ ಕಾರು ಇಟ್ಟುಕೊಂಡವರು ಇಲ್ಲಿ ತಾವೇ ಕೈ ಕೊಳೆ ಮಾಡಿಕೊಳ್ಳುತ್ತಾರೆ. ನಾನೂ ಹಾಗೇ ಶುರುಮಾಡಿದೆ. ಹತ್ತಿರದ ಬೀದಿಯ ಹಿರಿಯರೊಬ್ಬರು ಮೊದಲ ದಿನವೇ ಒಂದು ಹಳೇ ಗ್ರೀಸ್ ಗನ್ ತಂದುಕೊಟ್ಟರು. ಉಳಿದದ್ದೆಲ್ಲ ತಡವಾದರೂ ನಡೆಯುತ್ತದೆ, ಇದು ಮಾತ್ರ ತಪ್ಪಬಾರದು ಅಂದರು.

ಏಕೆ ಅಂದರೆ ಮೈನರ್ ಕಾರಿನ ಮುಂದಿನ ಚಕ್ರಗಳಿಗೆ ಈಗಿನ ಕಾರುಗಳ ಹಾಗೆ ಬಾಲ್ ಜಾಯಿಂಟ್ ಇಲ್ಲ. ಪ್ರತಿ ಚಕ್ರಕ್ಕೂ ನೆಟ್ಟಗೆ ನಿಂತ ಒಂದು ಸ್ವಿವೆಲ್ ಪಿನ್ ಇದೆ. ಅದರ ಮೇಲ್ತುದಿಗೂ ಕೆಳತುದಿಗೂ ಮರೆ, ಅಂದರೆ ಥ್ರೆಡ್ ಇದೆ, ಬೋಲ್ಟಿಗೆ ಇರುವ ಹಾಗೆ. ಆ ಮರೆಗಳ ಮೇಲೆ ಟ್ರನಿಯನ್ ಅನ್ನುವ ತುಂಡು ಕೂತಿರುತ್ತದೆ. ನಾವು ಸ್ಟೀರಿಂಗ್ ತಿರುಗಿಸಿದಷ್ಟು ಸಲವೂ ಪಿನ್ನು ಆ ಮರೆಯಲ್ಲಿ ಸ್ವಲ್ಪ ಬಿಗಿಯುತ್ತದೆ, ಸ್ವಲ್ಪ ಸಡಿಲವಾಗುತ್ತದೆ. ಮಧ್ಯೆ ಗ್ರೀಸ್ ಇದ್ದರೆ ವರ್ಷಗಟ್ಟಲೆ ಬಾಳುತ್ತದೆ. ಗ್ರೀಸ್ ಒಣಗಿದರೆ ಲೋಹಕ್ಕೆ ಲೋಹ ತಿಕ್ಕಿ ಮರೆ ಸವೆಯುತ್ತದೆ. ಪೂರ್ತಿ ಸವೆದ ದಿನ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಟ್ರನಿಯನ್ ಕಳಚಿ ಬೀಳುತ್ತದೆ, ಚಕ್ರ ಮಲಗುತ್ತದೆ.

ನಾನು ಗ್ರೀಸ್ ಹಾಕುತ್ತಿರಲಿಲ್ಲ ಅಂತಲ್ಲ. ಎರಡು ಚಕ್ರಕ್ಕೆ ನಾಲ್ಕು ನಿಪ್ಪಲ್, ಎಲ್ಲಕ್ಕೂ ಗನ್ ಹಚ್ಚಿ ಒತ್ತುತ್ತಿದ್ದೆ. ಆದರೆ ಎಡಗಡೆ ಕೆಳಗಿನ ನಿಪ್ಪಲ್ ಒಳಗೆ ಹಳೇ ಗ್ರೀಸ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ನಾನು ಒತ್ತಿದ್ದು ಒಳಗೆ ಹೋಗದೆ ಪಕ್ಕದಿಂದ ಹೊರಗೆ ಬರುತ್ತಿತ್ತು. ಹೊರಗೆ ಗ್ರೀಸ್ ಕಂಡಿತು, ಕೆಲಸ ಆಯಿತು ಅಂದುಕೊಂಡೆ. ನೋಡಬೇಕಾದದ್ದು ಬೇರೆ. ಮರೆಯ ಇನ್ನೊಂದು ತುದಿಯಿಂದ ಕಪ್ಪಗಿನ ಹಳೇ ಗ್ರೀಸ್ ಮೊದಲು ಬರಬೇಕು, ಅದರ ಹಿಂದೆ ಹೊಸದು ಬರಬೇಕು. ಆಗ ಮಾತ್ರ ಒಳಗೆ ತುಂಬಿದೆ ಅಂತ ಅರ್ಥ. ಅಷ್ಟು ಗಮನಿಸಿದ್ದರೆ ಆ ನಿಪ್ಪಲ್ ಬಿಚ್ಚಿ, ಹೊಸದು ಹಾಕಿ ಹತ್ತು ನಿಮಿಷದಲ್ಲಿ ಮುಗಿಸಬಹುದಿತ್ತು.

ಆಮೇಲೆ ಎರಡೂ ಕಡೆಯ ಸ್ವಿವೆಲ್ ಪಿನ್ ಮತ್ತು ಟ್ರನಿಯನ್ ಬದಲಿಸಿದೆ. ಒಂದು ಕಡೆಗೆ ಬಲಮರೆ, ಇನ್ನೊಂದು ಕಡೆಗೆ ಎಡಮರೆ, ಅದಲುಬದಲು ಆಗುವ ಹಾಗಿಲ್ಲ. ಬಿಡಿಭಾಗ ಇವತ್ತಿಗೂ ಹೊಸದಾಗಿ ಸಿಗುತ್ತವೆ. ನನ್ನ ಮಟ್ಟಿಗೆ ಇದು ಈ ಕಾರಿನ ದೊಡ್ಡ ಗುಣ. ಈಗ ಸಾವಿರ ಮೈಲಿಗೆ ಒಮ್ಮೆ, ಅಷ್ಟು ಓಡದಿದ್ದರೂ ಮೂರು ತಿಂಗಳಿಗೆ ಒಮ್ಮೆ ಗ್ರೀಸ್. ಕಾರನ್ನು ಜ್ಯಾಕ್ ಮೇಲೆ ಎತ್ತಿ, ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರದ ಮೇಲೆ ಭಾರ ಇಲ್ಲದಿರುವಾಗ ಹಾಕಿದರೆ ಗ್ರೀಸ್ ಚೆನ್ನಾಗಿ ಒಳಗಿಳಿಯುತ್ತದೆ. ಬರೀ ಜ್ಯಾಕ್ ನಂಬಿ ಕೆಳಗೆ ತಲೆ ಹಾಕುವುದು ಬೇಡವೇ ಬೇಡ. ಇದನ್ನು ಓದುವ ಯಾರಾದರೂ ಹಾಗೆ ಮಾಡುತ್ತಿದ್ದರೆ ದಯವಿಟ್ಟು ಇವತ್ತೇ ನಿಲ್ಲಿಸಿ.

ಸ್ಪ್ಯಾನರ್ ವಿಷಯ ಸ್ವಲ್ಪ ಹೇಳಬೇಕು. ಊರಿನಿಂದ ತಂದ ಮಿಲಿಮೀಟರ್ ಸೆಟ್ ಈ ಕಾರಿಗೆ ಆಗುವುದಿಲ್ಲ. ಇಲ್ಲಿ ಎಲ್ಲಾ ಇಂಚು. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. ಹದಿಮೂರರ ಸ್ಪ್ಯಾನರ್ ಕೂರುತ್ತದೆ, ಆದರೆ ಒಂದು ಕೂದಲೆಳೆ ಸಡಿಲ. ಜೋರಾಗಿ ತಿರುಗಿಸಿದರೆ ಬೋಲ್ಟಿನ ಮೂಲೆಗಳು ಸವೆದು ಗುಂಡಗಾಗುತ್ತವೆ. ಆಮೇಲೆ ಅದನ್ನು ಬಿಚ್ಚಲು ಅರ್ಧ ದಿನ ಬೇಕು. ಇಂಚಿನ ಒಂದು ಒಳ್ಳೆ ಸೆಟ್ ಕೊಂಡ ಮೇಲೆ ಕೆಲಸ ಹಗುರವಾಯಿತು. ಬ್ಯಾಟರಿಯೂ ಉಲ್ಟಾ. ನಾವು ನೋಡಿದ ಕಾರುಗಳಲ್ಲಿ ಮೈನಸ್ ತಂತಿ ಕಾರಿನ ಬಾಡಿಯ ತಗಡಿಗೆ ಸೇರುತ್ತದೆ. ಇದರಲ್ಲಿ ಪ್ಲಸ್ ಸೇರುತ್ತದೆ. ಹೊಸ ರೇಡಿಯೋ ಹಾಕಲು ಹೋಗುವವರು ಇದನ್ನು ಮರೆತರೆ ರೇಡಿಯೋ ಸುಟ್ಟಂತೆಯೇ.

ಇಂಜಿನ್ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. 1098 ಸಿಸಿ, ನಾಲ್ಕು ಸಿಲಿಂಡರ್, ಎಂಟು ವಾಲ್ವ್. ವಾಲ್ವಿಗೂ ಅದನ್ನು ಒತ್ತುವ ತುಂಡಿಗೂ ನಡುವೆ ಬಿಡುವ ಸಂದು ಟ್ಯಾಪೆಟ್ ಗ್ಯಾಪ್. ಅದು ಇಂಚಿನ ಸಾವಿರದಲ್ಲಿ 12 ಭಾಗ, ಅಂದರೆ ಸುಮಾರು 0.3 ಮಿಲಿಮೀಟರ್. ಇದನ್ನು ಹೊಂದಿಸಲು ಹಳಬರ ಹತ್ತಿರ ಒಂದು ಸುಲಭ ಲೆಕ್ಕ ಇದೆ, ಒಂಬತ್ತರ ಲೆಕ್ಕ. ಎಂಟನೇ ವಾಲ್ವ್ ಪೂರ್ತಿ ತೆರೆದಿರುವಾಗ ಒಂದನೆಯದನ್ನು ಹೊಂದಿಸಬೇಕು. ಆರನೆಯದು ತೆರೆದಿದ್ದರೆ ಮೂರನೆಯದು. ನಾಲ್ಕು ತೆರೆದಿದ್ದರೆ ಐದು. ಯಾವಾಗಲೂ ಕೂಡಿದರೆ ಒಂಬತ್ತು ಬರಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು, ಮುಂದಿನ ತೂತಿಗೆ ಸ್ಟಾರ್ಟಿಂಗ್ ಹ್ಯಾಂಡಲ್ ತೂರಿಸಿ, ಮೆಲ್ಲಗೆ ಇಂಜಿನ್ ತಿರುಗಿಸಬೇಕು. ಹ್ಯಾಂಡಲ್ ತಿರುಗಿಸುವುದು ಮಗಳ ಕೆಲಸ. ಅವಳು ಮಗ್ಗಿ ಕಲಿತದ್ದು ಶಾಲೆಯಲ್ಲಿ, ಆದರೆ ಒಂಬತ್ತರ ಜೋಡಿಗಳನ್ನು ಬಾಯಿಪಾಠ ಮಾಡಿದ್ದು ಈ ಬಾನೆಟ್ ಮುಂದೆ.

ಟ್ಯಾಪೆಟ್ ನೋಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಈ ಇಂಜಿನ್ ಹುಟ್ಟಿದ ಕಾಲಕ್ಕೆ ಪೆಟ್ರೋಲಿನಲ್ಲಿ ಸೀಸ ಇತ್ತು. ವಾಲ್ವ್ ಬಡಿಯುವ ಜಾಗಕ್ಕೆ ಅದು ಮೆತ್ತೆಯ ಹಾಗೆ ಕೆಲಸ ಮಾಡುತ್ತಿತ್ತು. ಇಲ್ಲಿ 2000ದ ಹೊತ್ತಿಗೆ ಸೀಸದ ಪೆಟ್ರೋಲ್ ಮಾರಾಟ ನಿಂತಿತು. ಅದು ಒಳ್ಳೆಯದೇ, ಮಕ್ಕಳು ಉಸಿರಾಡುವ ಗಾಳಿ ಅಲ್ವಾ. ಆದರೆ ಮೆತ್ತೆ ಹೋದ ಮೇಲೆ ಎಕ್ಸಾಸ್ಟ್ ವಾಲ್ವಿನ ಸೀಟು ಮೆಲ್ಲಗೆ ಸವೆದು, ವಾಲ್ವ್ ಒಳಗೊಳಗೆ ಇಳಿಯುತ್ತದೆ. ಆಗ ಟ್ಯಾಪೆಟ್ ಗ್ಯಾಪ್ ತಾನಾಗಿಯೇ ಕಡಿಮೆಯಾಗುತ್ತದೆ. ಎಕ್ಸಾಸ್ಟ್ ವಾಲ್ವ್ ಅಂದರೆ 1, 4, 5, 8. ಈ ನಾಲ್ಕರಲ್ಲಿ ಪದೇ ಪದೇ ಗ್ಯಾಪ್ ಕುಗ್ಗುತ್ತಿದ್ದರೆ ಹೆಡ್ ಬಿಚ್ಚಿ ಗಟ್ಟಿ ಸೀಟು ಹಾಕಿಸುವ ಕಾಲ ಬಂದಿದೆ ಅಂತ. ನಮ್ಮದು ಇನ್ನೂ ಅಲ್ಲಿಗೆ ಬಂದಿಲ್ಲ. ಟ್ಯಾಂಕಿಗೆ ಸೀಸದ ಬದಲಿನ ದ್ರವ ಸ್ವಲ್ಪ ಸೇರಿಸುತ್ತೇನೆ, ಗ್ಯಾಪನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. 2021ರ ಸೆಪ್ಟೆಂಬರಿನಿಂದ ಇಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿ ಹತ್ತು ಪರ್ಸೆಂಟ್‌ವರೆಗೆ ಎಥನಾಲ್ ಇರುತ್ತದೆ. ಹಳೇ ರಬ್ಬರ್ ಪೈಪುಗಳಿಗೆ ಅದು ಒಗ್ಗುವುದಿಲ್ಲ. ಅದಕ್ಕೇ ದುಬಾರಿಯಾದರೂ ಎಥನಾಲ್ ಕಡಿಮೆ ಇರುವ ಸೂಪರ್ ಪೆಟ್ರೋಲ್ ಹಾಕಿಸುತ್ತೇನೆ, ಪೈಪುಗಳನ್ನೂ ಬದಲಿಸಿದ್ದೇನೆ.

ಇನ್ನು ಮರ. ಟ್ರಾವೆಲರ್ ಹಿಂಭಾಗದ ಮರ ಅಂದಕ್ಕೆ ಅಂಟಿಸಿದ್ದಲ್ಲ. ಕಾರಿನ ಹಿಂದಿನ ಬಾಡಿಯನ್ನು ಹಿಡಿದು ನಿಲ್ಲಿಸಿರುವುದೇ ಅದು. ಆಶ್ ಅನ್ನುವ ಮರ, ಬಿಳಿಚಾಗಿ, ಉದ್ದನೆಯ ನಾರಿನದು. ಕ್ರಿಕೆಟ್ ಸ್ಟಂಪಿಗೂ ಅದನ್ನು ಬಳಸುತ್ತಾರೆ. ಇಂಗ್ಲೆಂಡಿನ ಮಳೆ ನಮ್ಮ ಮಲೆನಾಡಿನ ಮಳೆಯ ಹಾಗೆ ಸುರಿದು ನಿಲ್ಲುವುದಲ್ಲ. ತೆಳ್ಳಗೆ, ದಿನಗಟ್ಟಲೆ ಜಿನುಗುತ್ತದೆ. ಹಿಂದಿನ ಜಾರುವ ಕಿಟಕಿಗಳ ಕೆಳಗಿನ ಜಾಡಿನಲ್ಲಿ ನೀರು ನಿಲ್ಲುತ್ತದೆ. ಅಲ್ಲಿ ಪಾಚಿ ಬೆಳೆಯುತ್ತದೆ. ಕಾರಿನಲ್ಲಿ ಹಸಿರು ಪಾಚಿ ಮೊದಲ ಸಲ ನೋಡಿದಾಗ ಮನಸ್ಸಿಗೆ ಹಿತವೇ ಆಯಿತು, ಊರಿನ ಬಾವಿಕಟ್ಟೆ ನೆನಪಾಗಿ. ಆಮೇಲೆ ಸ್ಕ್ರೂಡ್ರೈವರ್ ತುದಿಯಿಂದ ಕೆಳಗಿನ ಪಟ್ಟಿಯನ್ನು ಒತ್ತಿ ನೋಡಿದೆ. ಒದ್ದೆ ಬೆಲ್ಲಕ್ಕೆ ಚಮಚ ಇಳಿದ ಹಾಗೆ ಇಳಿಯಿತು.

ಆ ಒಂದು ಪಟ್ಟಿಯನ್ನು ಬದಲಿಸಲು ನನಗೆ ಒಂದು ಬೇಸಿಗೆ ಪೂರ್ತಿ ಹಿಡಿಯಿತು. ಒಂದು ತುಂಡು ತೆಗೆಯಬೇಕಾದರೆ ಅದಕ್ಕೆ ಸೇರಿದ ಇನ್ನೆರಡನ್ನು ಸಡಿಲಿಸಬೇಕು. ಅಷ್ಟರಲ್ಲಿ ಬಾಗಿಲು ಜೋತು ಬೀಳುತ್ತದೆ, ಅದಕ್ಕೆ ಆಸರೆ ಕೊಡಬೇಕು. ಹೊಸ ಮರವನ್ನು ಒಣಗಿಸಿಯೇ ಇಟ್ಟು, ಜೋಡಿಸುವ ಮೊದಲೇ ಎಲ್ಲಾ ಮುಖಗಳಿಗೂ, ಕಾಣದ ಮುಖಗಳಿಗೂ, ವಾರ್ನಿಷ್ ಕುಡಿಸಬೇಕು. ತುದಿಗಳಿಗೆ ಇನ್ನೂ ಒಂದೆರಡು ಕೋಟು ಜಾಸ್ತಿ, ಯಾಕೆಂದರೆ ಮರ ನೀರು ಕುಡಿಯುವುದು ತುದಿಯಿಂದ. ನನ್ನ ಅಜ್ಜ ನೇಗಿಲಿನ ಮರಕ್ಕೆ ಹೊಂಗೆ ಎಣ್ಣೆ ಹಚ್ಚುವಾಗ ಇದನ್ನೇ ಹೇಳುತ್ತಿದ್ದರು. ವಾರ್ನಿಷ್ ಬಿರುಕು ಬಿಟ್ಟ ಕಡೆ ನೀರು ಹೊಕ್ಕರೆ ಆಶ್ ಮರ ಕಪ್ಪಾಗುತ್ತದೆ. ಕಪ್ಪು ಕಂಡ ವಾರವೇ ಉಜ್ಜಿ, ಒಣಗಿಸಿ, ಮತ್ತೆ ಹಚ್ಚಿದರೆ ಮರ ಉಳಿಯುತ್ತದೆ. ಮುಂದಿನ ವರ್ಷ ನೋಡೋಣ ಅಂದರೆ ಉಳಿಯುವುದಿಲ್ಲ.

ತಗಡಿಗೆ ಶತ್ರು ಉಪ್ಪು. ಚಳಿಗಾಲದಲ್ಲಿ ರಸ್ತೆ ಹೆಪ್ಪುಗಟ್ಟದಿರಲಿ ಅಂತ ಕೌನ್ಸಿಲ್‌ನವರು ಕಲ್ಲುಪ್ಪು ಚೆಲ್ಲುತ್ತಾರೆ. ಜೀವ ಉಳಿಸುವ ಉಪ್ಪು ಅದು, ಬೇಡ ಅನ್ನುವ ಹಾಗಿಲ್ಲ. ಹಿಂದಿನ ಲೀಫ್ ಸ್ಪ್ರಿಂಗ್ ಕೂರುವ ಜಾಗ, ಬಾಗಿಲ ಕೆಳಗಿನ ಸಿಲ್, ನೆಲದ ಅಂಚು, ಇಲ್ಲೆಲ್ಲ ತುಕ್ಕು ಮೊದಲು ಶುರುವಾಗುತ್ತದೆ. ಉಪ್ಪು ಬಿದ್ದ ರಸ್ತೆಗೆ ನಾವು ಕಾರು ಇಳಿಸುವುದಿಲ್ಲ. ಮೊದಲ ದೊಡ್ಡ ಮಳೆ ರಸ್ತೆ ತೊಳೆಯುವವರೆಗೆ ಅದು ಒಳಗೇ ಇರುತ್ತದೆ.

ಕಾನೂನು ಇಲ್ಲಿ ಹಳೇ ಕಾರಿಗೆ ಉದಾರವಾಗಿದೆ. ನಲವತ್ತು ವರ್ಷ ದಾಟಿದ ಕಾರನ್ನು ಐತಿಹಾಸಿಕ ವಾಹನ ಅಂತ ನೋಂದಾಯಿಸಿಕೊಂಡರೆ ರಸ್ತೆ ತೆರಿಗೆ ಕಟ್ಟಬೇಕಿಲ್ಲ. 2018ರ ಮೇ ತಿಂಗಳಿನಿಂದ, ದೊಡ್ಡ ಬದಲಾವಣೆ ಮಾಡದ ಇಂಥ ಕಾರುಗಳಿಗೆ ವರ್ಷಕ್ಕೊಮ್ಮೆ ಮಾಡಿಸುವ ಎಂಒಟಿ ತಪಾಸಣೆಯೂ ಕಡ್ಡಾಯವಲ್ಲ. ಆದರೆ ರಸ್ತೆಗೆ ಇಳಿಸಿದ ಕಾರು ಸುಸ್ಥಿತಿಯಲ್ಲಿ ಇರಬೇಕಾದ ಹೊಣೆ ನಮ್ಮದೇ. ಆ ವಿನಾಯಿತಿಯನ್ನು ನಾನು ಬಳಸುವುದಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ಶುಲ್ಕ ಕಟ್ಟಿ ತೋರಿಸುತ್ತೇನೆ. ಬ್ರೇಕು, ಸ್ಟೀರಿಂಗ್, ಮರದ ಗಟ್ಟಿತನ ಎಲ್ಲವನ್ನೂ ಇನ್ನೊಬ್ಬರ ಕಣ್ಣು ನೋಡಲಿ. ಚಕ್ರ ಮಲಗಿದ ದಿನ ನನ್ನ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಂಡಿತ್ತು.

ಹೋದ ಭಾನುವಾರ ಮತ್ತೆ ಗ್ರೀಸ್ ಸರದಿ. ಮಗಳಿಗೆ ಈಗ ಹನ್ನೆರಡು. ಬಲಗಡೆಯ ಎರಡು ನಾನು ಮುಗಿಸಿದೆ. ಎಡಗಡೆಯದು ತನಗೇ ಬೇಕು ಅಂದಳು. ಹಳೇ ಬಟ್ಟೆಯಿಂದ ಕೆಳಗಿನ ನಿಪ್ಪಲ್ ಒರೆಸಿದಳು. ಗನ್ ನೆಟ್ಟಗೆ ಕೂರಿಸಿ ಒತ್ತಿದಳು. ಒಂದು, ಎರಡು, ಮೂರು. ನಾನು ಟಾರ್ಚ್ ಹಿಡಿದು ಮರೆಯ ತುದಿಯನ್ನೇ ನೋಡುತ್ತಿದ್ದೆ. ಐದನೇ ಒತ್ತಿಗೆ ಕಪ್ಪು ಗ್ರೀಸ್ ಹೊರಬಂತು. “ಇನ್ನೂ ಹೊಸದು ಬಂದಿಲ್ಲ, ಅಲ್ವಾ?” ಅಂದಳು. ಇಲ್ಲ ಅಂದೆ. ಅವಳು ಮತ್ತೆ ಒತ್ತಿದಳು.