ಏಳಡಿ ರೀಪು ಮತ್ತು ನಮ್ಮನೆ ರ‍್ಯಾಂಪ್

ಹಾಸನ, 14 ಜನವರಿ 2025, ಮಂಗಳವಾರ

ರ‍್ಯಾಂಪ್ ಮುಗಿಯಿತು! ಸ್ಕೇಟ್‌ಬೋರ್ಡ್ ಹತ್ತಿಸಿ ಇಳಿಸೋಕೆ ಬಾಗಿದ ಮರದ ಇಳಿಜಾರು, ಸಂಕ್ರಾಂತಿಗೆ ರೆಡಿ ಮಾಡಿಕೊಡ್ತೀನಿ ಅಂತ ಮಗಳಿಗೆ ಮಾತು ಕೊಟ್ಟಿದ್ದೆ. ಕೊನೇ ಸ್ಕ್ರೂ ಬಿಗಿ ಮಾಡುವಾಗ ನಿನ್ನೆ ರಾತ್ರಿ ಹತ್ತೂವರೆ.

ಅವಳಿಗೆ ಸ್ಕೇಟ್‌ಬೋರ್ಡ್ ಕೊಡಿಸಿ ಎಂಟು ತಿಂಗಳಾಯ್ತು. ಮನೆ ಮುಂದಿನ ಕಾಂಕ್ರೀಟ್ ಅಂಗಳದಲ್ಲೇ ಅತ್ತಿಂದಿತ್ತ ಓಡಿಸ್ತಾಳೆ, ನಮ್ಮ ಬೀದಿಯಲ್ಲಿ ನುಣುಪಾದ ನೆಲ ಅಂದರೆ ಅದೊಂದೇ. ಮಧ್ಯಪ್ರದೇಶದ ಜನ್ವಾರ್ ಅನ್ನೋ ಹಳ್ಳಿಯಲ್ಲಿ 2015ರಲ್ಲಿ ಸ್ಕೇಟ್ ಪಾರ್ಕ್ ಆಯ್ತು, ಅಲ್ಲಿ ಕಲಿತ ಆಶಾ ಗೋಂಡ್ 2018ರಲ್ಲಿ ಚೀನಾದ ನಾನ್‌ಜಿಂಗ್‌ಗೆ ವಿಶ್ವ ಚಾಂಪಿಯನ್‌ಶಿಪ್ ಆಡೋಕೆ ಹೋದಳು ಅಂತ ಒಂದು ದಿನ ಹೇಳಿದ್ದೆ. "ಅವರೂರಲ್ಲಿ ಪಾರ್ಕ್ ಇದೆ, ನಮ್ಮೂರಲ್ಲಿ ಏನಿದೆ ಅಮ್ಮಾ?" ಅಂದಳು. ಅವತ್ತೇ ಪೇಪರು, ಪೆನ್ಸಿಲ್ಲು ಹಿಡಿದು ಕೂತೆ.

ಎತ್ತರ 2 ಅಡಿ, ಅಗಲ 4 ಅಡಿ ಸಾಕು ಅಂತ ಲೆಕ್ಕ ಹಾಕಿದೆ. ಬಾಗು ಮಾತ್ರ 6 ಅಡಿ ತ್ರಿಜ್ಯದ ವೃತ್ತದ ತುಂಡು. ತ್ರಿಜ್ಯ ಕಮ್ಮಿ ಮಾಡಿದರೆ ಇಳಿಜಾರು ಥಟ್ಟನೆ ಕಡಿದಾಗುತ್ತೆ, ಕಲಿಯೋ ಮಕ್ಕಳಿಗೆ ಭಯ. ಹೀಗೆ ಮಾಡಿದರೆ ನೆಲದ ಮೇಲೆ ಸುಮಾರು ನಾಲ್ಕೂವರೆ ಅಡಿ ಜಾಗ ಹಿಡಿಯುತ್ತೆ, ಹತ್ತೋ ಮೈ 5 ಅಡಿ ಚಿಲ್ಲರೆ. ಎರಡು ಪಕ್ಕಕ್ಕೆ 18 ಎಂಎಂ ಪ್ಲೈವುಡ್, ಮಧ್ಯೆ 8 ಇಂಚಿಗೊಂದರಂತೆ ಸಿಲ್ವರ್ ಓಕ್ ರೀಪು, ಮೇಲಕ್ಕೆ 6 ಎಂಎಂ ಪ್ಲೈ ಎರಡು ಪದರ. ಮೇಲಿನ ಪದರಕ್ಕೆ 710 ಗ್ರೇಡೇ ತಂದೆ. ದುಬಾರಿ, ಆದರೆ ನೀರಿಗೆ ತಡೆಯುತ್ತೆ.

ತಪ್ಪಾಗಿದ್ದು ಗೆರೆ ಎಳೆಯೋದರಲ್ಲಿ. ಮೊಳೆಗೆ ದಾರ ಕಟ್ಟಿ, ತುದಿಗೆ ಪೆನ್ಸಿಲ್ ಸಿಕ್ಕಿಸಿ ಬಾಗು ಎಳೆದೆ. ಎರಡೂ ಹಲಗೆ ಕೊಯ್ದು ಒಂದರ ಮೇಲೊಂದು ಇಟ್ಟು ನೋಡಿದರೆ ನಡುವೆ ಹೆಬ್ಬೆರಳಿನಷ್ಟು ವ್ಯತ್ಯಾಸ! ಒಂದು ಶೀಟು ಹಾಳಾದ ಸಂಕಟ ಒಂದು ಕಡೆ. ಅದನ್ನೇ ಜೋಡಿಸಿದ್ದರೆ ಮೈ ತಿರುಚಿಕೊಂಡು ಬೋರ್ಡು ಒಂದು ಪಕ್ಕಕ್ಕೆ ವಾಲ್ತಿತ್ತು, ಮಗು ಬೀಳ್ತಿತ್ತು ಅನ್ನೋ ಭಯ ಇನ್ನೊಂದು ಕಡೆ. ಎದುರು ಮನೆ ಆಚಾರ್ರು ಬಂದು ನೋಡಿ, "ಅಕ್ಕಾ, ದಾರ ಎಳೆದಷ್ಟೂ ಹಿಗ್ಗುತ್ತೆ. ರೀಪು ತಗೊಳ್ಳಿ" ಅಂದರು. ಏಳಡಿ ರೀಪಿಗೆ ಸರಿಯಾಗಿ 6 ಅಡಿ ದೂರದಲ್ಲಿ ಎರಡು ತೂತು ಕೊರೆದು, ಒಂದಕ್ಕೆ ಮೊಳೆ, ಒಂದಕ್ಕೆ ಪೆನ್ಸಿಲ್ಲು. ರೀಪು ಹಿಗ್ಗಲ್ಲ, ಕುಗ್ಗಲ್ಲ. ಒಂದೇ ಸಲಕ್ಕೆ ನಯವಾದ ಗೆರೆ ಬಂತು. ಮೊದಲನೇ ಹಲಗೆ ಕೊಯ್ದು, ಅದನ್ನೇ ಇನ್ನೊಂದರ ಮೇಲಿಟ್ಟು ಎರಡನೇದಕ್ಕೆ ಗುರುತು ಹಾಕಿದೆ. ಈ ಸಲ ಅಂಚಿಗೆ ಬೆರಳಾಡಿಸಿದರೆ ಎಲ್ಲಿ ಒಂದು ಮುಗಿದು ಇನ್ನೊಂದು ಶುರು ಅಂತಾನೇ ಗೊತ್ತಾಗಲಿಲ್ಲ.

ಪ್ಲೈ ಬಗ್ಗಿಸುವಾಗ ಮಗಳೇ ಭಾರ. ಅವಳು ಮೇಲೆ ಕೂತಳು, ನಾನು ಕೆಳಗಿಂದ ಶುರುಮಾಡಿ ಒಂದೊಂದೇ ಸ್ಕ್ರೂ ಹಾಕುತ್ತಾ ಹೋದೆ. ಸ್ಕ್ರೂ ತಲೆ ಮರದೊಳಗೆ ಇಳಿದಿರಲೇಬೇಕು, ಒಂದು ಎದ್ದಿದ್ದರೂ ಚಕ್ರ ತಡೆಯುತ್ತೆ, ಬಿದ್ದರೆ ಮಂಡಿ ಕಿತ್ತುಹೋಗುತ್ತೆ. ಕೆಳಗಡೆ ನೆಲ ಸೇರೋ ಜಾಗದಲ್ಲಿ ಎರಡು ಪದರದ್ದು 12 ಎಂಎಂ ಮೆಟ್ಟಿಲು ಉಳಿದಿತ್ತು. ಅಲ್ಲಿ ಚಕ್ರ ಸಿಕ್ಕಿದರೆ ಬೋರ್ಡು ನಿಲ್ಲುತ್ತೆ, ಮೇಲಿರೋರು ಮುಂದೆ ಹಾರ್ತಾರೆ. ಗುಜರಿ ಅಂಗಡಿಯಿಂದ ತೆಳು ತಗಡು ತಂದು, ಅಂಚು ಉಜ್ಜಿ, ಅದರ ಮೇಲೆ ಹೊಡೆದೆ.

ಇವತ್ತು ಬೆಳಿಗ್ಗೆ ಲಂಗ ಹಾಕ್ಕೊಂಡು ಎಳ್ಳು ಬೀರೋಕೆ ಹೋದವಳು ಅರ್ಧ ಗಂಟೆಯಲ್ಲೇ ಓಡಿಬಂದಳು, ಹಿಂದೆ ಬೀದಿಯ ಮಕ್ಕಳೆಲ್ಲ. ಪ್ಯಾಂಟು, ಹೆಲ್ಮೆಟ್ಟು, ಮಂಡಿಗೆ ಪ್ಯಾಡು. ಮೇಲಿಂದ ಇಳಿಯೋದು ಈಗಲೇ ಬೇಡ, ನೆಲದಿಂದ ಹತ್ತಿ ಹಾಗೇ ಹಿಂದಕ್ಕೆ ಜಾರು ಅಂದೆ. ಮೊದಲ ಎರಡು ಸಲ ಹೆದರಿ ಹಿಂದಕ್ಕೆ ಒರಗಿದಳು, ಬೋರ್ಡು ಕಾಲಡಿಯಿಂದ ಮುಂದೆ ಓಡಿಹೋಯ್ತು. ಮಂಡಿ ಮಡಚು ಮಗಳೇ, ಬೋರ್ಡಿನ ಜೊತೆಗೇ ಬಾಗು ಅಂದೆ. ಮೂರನೇ ಸಲ ಹತ್ತಿದಳು, ಒಂದು ಕ್ಷಣ ಅಲ್ಲೇ ನಿಂತ ಹಾಗಾಯ್ತು, ಹಾಗೇ ಹಿಂದಕ್ಕೆ ಬಂದಳು. ಮಕ್ಕಳೆಲ್ಲ ಕೂಗಿದ್ದೇ ಕೂಗಿದ್ದು. ನನ್ನ ಕಣ್ಣು ಒದ್ದೆಯಾಗಿತ್ತು.

ಆಚಾರ್ರ ಪೆನ್ಸಿಲ್ ತಗೊಂಡು ಚಕ್ರ ಎಲ್ಲಿವರೆಗೂ ಹೋಯ್ತೋ ಅಲ್ಲಿಗೆ ಪಕ್ಕದ ಹಲಗೆ ಮೇಲೆ ಗೆರೆ ಹಾಕಿ, ತಾರೀಖು ಬರೆದಳು. ನೆಲದಿಂದ 11 ಇಂಚು. ಈಗ ಇಬ್ಬನಿ ಬೀಳೋ ಹೊತ್ತು, ಟಾರ್ಪಾಲ್ ಹೊದಿಸಿ ಬಂದೆ.