ಹರಿಹರ ಓದುತ್ತದೆ, ಜಗಳೂರಿಗೆ ಯಾಕೆ ನಿಲ್ಲುತ್ತದೆ? ವಿಂಡೋಸ್‌ನಲ್ಲಿ ಪೈಥಾನ್ ಕಲಿಯುವವರ ತೊಡಕುಗಳು

ಪೈಥಾನ್ ಕಲಿಯುವ ಮೊದಲ ವಾರದ ಗೋಳಿನಲ್ಲಿ ಮುಕ್ಕಾಲು ಪಾಲು ವಿಂಡೋಸ್‌ನದು. ಲೂಪ್, ಫಂಕ್ಷನ್ ಎಲ್ಲ ಹೇಗೋ ತಲೆಗೆ ಹತ್ತುತ್ತವೆ. ಕೈಕಟ್ಟಿ ಕೂರಿಸುವುದು ಬೇರೆ ಮೂರು ಪ್ರಶ್ನೆಗಳು: ಓಡುತ್ತಿರುವುದು ಯಾವ ಪೈಥಾನ್, ಯಾವ ಫೋಲ್ಡರಿನಿಂದ, ಫೈಲನ್ನು ಯಾವ ಎನ್‌ಕೋಡಿಂಗ್‌ನಲ್ಲಿ ಓದುತ್ತಿದೆ. ಎನ್‌ಕೋಡಿಂಗ್ ಎಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ. ಈ ಮೂರನೆಯದನ್ನು ಇಂಗ್ಲಿಷ್ ಪಾಠಗಳು ಒಂದೇ ಸಾಲಿನಲ್ಲಿ ದಾಟಿಸಿಬಿಡುತ್ತವೆ. ಅಲ್ಲಿ ಪೆಟ್ಟು ತಿನ್ನುವವರು ನಾವು, ಹಾಗಾಗಿ ಇಲ್ಲಿ ಅದಕ್ಕೇ ಹೆಚ್ಚು ಜಾಗ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳು, ಎಲ್ಲವೂ ಸಣ್ಣಕ್ಷರ.

ಮೊದಲು ಯಾವ ಪೈಥಾನ್ ಎಂಬುದು. ಕಮಾಂಡ್ ಪ್ರಾಂಪ್ಟಿನಲ್ಲಿ ಪೈಥಾನ್ ಎಂದು ಹೊಡೆದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆಯೇ? ನಿಮ್ಮ ಇನ್‌ಸ್ಟಾಲ್ ಕೆಟ್ಟಿದೆ ಎಂದು ಆಗಲೇ ತೀರ್ಮಾನಿಸಬೇಡಿ. 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲಿ ಪೈಥಾನ್ ಹೆಸರಿನದೊಂದು ಡಮ್ಮಿ ಕೊಂಡಿ ಕೂತಿದೆ, ಅದರ ಕೆಲಸ ಸ್ಟೋರಿಗೆ ದಾರಿ ತೋರಿಸುವುದಷ್ಟೇ. ಸೆಟ್ಟಿಂಗ್ಸ್‌ನ ಸರ್ಚ್ ಪೆಟ್ಟಿಗೆಯಲ್ಲಿ ಆ್ಯಪ್ ಎಕ್ಸಿಕ್ಯೂಷನ್ ಅಲಿಯಾಸಸ್ ಎಂದು ಹುಡುಕಿ, ಅಲ್ಲಿ ಪೈಥಾನ್ ಮತ್ತು ಪೈಥಾನ್3 ಎಂಬ ಆ್ಯಪ್ ಇನ್‌ಸ್ಟಾಲರ್ ಕೊಂಡಿಗಳನ್ನು ಆಫ್ ಮಾಡಿ.

ಹಾಗೂ ಸಿಗದಿದ್ದರೆ ಇನ್‌ಸ್ಟಾಲರಿನ ಮೊದಲ ಪರದೆಯ ಕೆಳಗಿದ್ದ ಆ್ಯಡ್ ಪೈಥಾನ್ ಟು ಪಾಥ್ ಎಂಬ ಟಿಕ್ ತಪ್ಪಿದೆ. ಪಾಥ್ ಎಂದರೆ ವಿಂಡೋಸ್ ಪ್ರೋಗ್ರಾಮ್‌ಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ. ಆ ಟಿಕ್ ತಾನಾಗಿ ಹಾಕಿರುವುದಿಲ್ಲ. ಅನ್‌ಇನ್‌ಸ್ಟಾಲ್ ಮಾಡುವ ಗೋಜು ಬೇಡ. ಅದೇ ಇನ್‌ಸ್ಟಾಲರನ್ನು ಮತ್ತೆ ಓಡಿಸಿ, ಮಾಡಿಫೈ ಒತ್ತಿ, ಎರಡನೇ ಪರದೆಯಲ್ಲಿ ಎನ್ವಿರಾನ್ಮೆಂಟ್ ವೇರಿಯಬಲ್ಸ್ ಎದುರು ಟಿಕ್ ಹಾಕಿದರಾಯಿತು. ಆಗಲೇ ತೆರೆದಿದ್ದ ಕಪ್ಪು ಕಿಟಕಿಗೆ ಹೊಸ ಪಾಥ್ ಗೊತ್ತಾಗುವುದಿಲ್ಲ, ಮುಚ್ಚಿ ಹೊಸದು ತೆರೆಯಿರಿ. ಇದನ್ನು ಮರೆತು ಮೂರು ಸಲ ಮರುಇನ್‌ಸ್ಟಾಲ್ ಮಾಡುವವರಿಗೆ ಲೆಕ್ಕವಿಲ್ಲ.

ಕಂಪ್ಯೂಟರಿನಲ್ಲಿ ಎರಡು ಮೂರು ಪೈಥಾನ್ ಸೇರಿಕೊಂಡಿದ್ದರೆ ಪಿವೈ -0ಪಿ ಎಂದು ಹೊಡೆಯಿರಿ. ಎಲ್ಲ ಆವೃತ್ತಿಗಳೂ ಅವು ಕೂತ ಫೋಲ್ಡರ್ ಸಮೇತ ಕಾಣುತ್ತವೆ, ಡೀಫಾಲ್ಟ್‌ನದಕ್ಕೆ ನಕ್ಷತ್ರ ಇರುತ್ತದೆ. ಪಾಂಡಾಸ್ ಪ್ಯಾಕೇಜ್ ಹಾಕಿದ್ದೇನೆ, ಆದರೂ ಮಾಡ್ಯೂಲ್ ನಾಟ್ ಫೌಂಡ್ ಎನ್ನುತ್ತದೆ ಎಂಬ ದೂರಿನ ಮೂಲ ಬಹುಪಾಲು ಇಲ್ಲೇ: ಪ್ಯಾಕೇಜ್ ಇಳಿಸಿ ಕೂರಿಸುವ ಪಿಪ್ ಅದನ್ನು ಹಾಕಿದ್ದು ಒಂದು ಪೈಥಾನಿಗೆ, ಓಡುತ್ತಿರುವುದು ಇನ್ನೊಂದು. ಬರೀ ಪಿಪ್ ಇನ್‌ಸ್ಟಾಲ್ ಎನ್ನುವ ಅಭ್ಯಾಸವನ್ನೇ ಬಿಡಿ. ಪಿವೈ -ಎಂ ಪಿಪ್ ಇನ್‌ಸ್ಟಾಲ್ ಪಾಂಡಾಸ್ ಎಂದು ಹಾಕಿ, ಸ್ಕ್ರಿಪ್ಟನ್ನೂ ಪಿವೈನಿಂದಲೇ ಓಡಿಸಿ. ಎರಡೂ ಒಂದೇ ಮನೆಯಲ್ಲಿರುತ್ತವೆ. ಪಿಪ್ ಏನೋ ಕಂಪೈಲ್ ಮಾಡಲು ಹೋಗಿ ವಿಷುವಲ್ ಸಿ++ 14.0 ಬೇಕು ಎಂದು ಕೆಂಪು ಅಕ್ಷರ ಕಾರಿದರೆ, ನಿಮ್ಮ ಪೈಥಾನಿಗೆ ಹೊಂದುವ ಸಿದ್ಧ ವೀಲ್ (ಮೊದಲೇ ಕಂಪೈಲ್ ಆದ ಕಟ್ಟು) ಆ ಪ್ಯಾಕೇಜಿನಲ್ಲಿ ಇಲ್ಲ ಎಂದರ್ಥ. ಗಿಗಾಬೈಟ್‌ಗಟ್ಟಲೆ ಬಿಲ್ಡ್ ಟೂಲ್ಸ್ ಇಳಿಸುವ ಮುನ್ನ ಒಂದು ಹೆಜ್ಜೆ ಹಿಂದಿನ 64 ಬಿಟ್ ಪೈಥಾನಿನಲ್ಲಿ ಪ್ರಯತ್ನಿಸಿ.

ದಾವಣಗೆರೆ, ಚಿತ್ರದುರ್ಗದ ಕಡೆ ಮನೆಯ ಮೂಲೆಯಲ್ಲಿ ಇನ್ನೂ ವಿಂಡೋಸ್ 7ರ ಡಬ್ಬ ಇಟ್ಟುಕೊಂಡು ಕಲಿಯುವವರಿದ್ದರೆ ಒಂದು ಮಾತು: ಅದರಲ್ಲಿ ಓಡುವ ಕೊನೆಯ ಪೈಥಾನ್ 3.8. ವಿಂಡೋಸ್ 8.1ಕ್ಕೆ 3.12 ಕೊನೆ. 3.13ರಿಂದ ವಿಂಡೋಸ್ 10 ಬೇಕೇ ಬೇಕು.

ವರ್ಚುವಲ್ ಎನ್ವಿರಾನ್ಮೆಂಟ್ (ಒಂದೊಂದು ಕೆಲಸದ ಪ್ಯಾಕೇಜ್‌ಗಳನ್ನು ಬೇರೆಯಾಗಿ ಇಡುವ ಫೋಲ್ಡರ್) ಆಕ್ಟಿವೇಟ್ ಮಾಡಲು ಹೋದಾಗ ಪವರ್‌ಶೆಲ್ ಸ್ಕ್ರಿಪ್ಟ್ ಓಡಿಸಲು ಬಿಡುವುದಿಲ್ಲ ಎಂದರೆ, ಸೆಟ್-ಎಕ್ಸಿಕ್ಯೂಷನ್‌ಪಾಲಿಸಿ -ಸ್ಕೋಪ್ ಕರೆಂಟ್‌ಯೂಸರ್ ರಿಮೋಟ್‌ಸೈನ್ಡ್ ಎಂದು ಒಮ್ಮೆ ಕೊಟ್ಟರೆ ಸಾಕು, ಅಡ್ಮಿನ್ ಹಕ್ಕು ಬೇಕಿಲ್ಲ. ಅನ್‌ರಿಸ್ಟ್ರಿಕ್ಟೆಡ್ ಎಂದು ಕೊಡುವಂತೆ ಹೇಳುವ ವಿಡಿಯೋ ಮಾತು ಕೇಳಬೇಡಿ.

ಇನ್ನು ಫೋಲ್ಡರ್. ರಾಂಡಮ್ ಮಾಡ್ಯೂಲ್ ಕಲಿಯಲು ಕೂತು ನಿಮ್ಮ ಫೈಲಿಗೂ ರಾಂಡಮ್.ಪಿವೈ ಎಂದು ಹೆಸರಿಟ್ಟರೆ, ಇಂಪೋರ್ಟ್ ಮಾಡಿದಾಗ ಸಿಗುವುದು ನಿಮ್ಮದೇ ಫೈಲ್. ಪೈಥಾನ್ ಮೊದಲು ಹುಡುಕುವುದು ಸ್ಕ್ರಿಪ್ಟ್ ಇರುವ ಫೋಲ್ಡರಿನಲ್ಲಿ. ಸಿಎಸ್‌ವಿ, ಈಮೇಲ್, ಟರ್ಟಲ್ ಎಂಬ ಹೆಸರುಗಳಿಗೂ ಇದೇ ಗತಿ. ನೋಟ್‌ಪ್ಯಾಡಿನಲ್ಲಿ ಉಳಿಸಿದ ಸ್ಕ್ರಿಪ್ಟ್ ಕಣ್ಣಿಗೆ .ಪಿವೈ ಎಂದೇ ಕಂಡರೂ ನಿಜದಲ್ಲಿ .ಪಿವೈ.ಟಿಎಕ್ಸ್‌ಟಿ ಆಗಿರಬಹುದು, ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಆನ್ ಮಾಡಿ ನೋಡಿ. ಡೆಸ್ಕ್‌ಟಾಪ್‌ನಲ್ಲಿಟ್ಟ ಫೈಲ್ ಸಿಗದಿದ್ದರೆ ಒನ್‌ಡ್ರೈವ್ ಆ ಡೆಸ್ಕ್‌ಟಾಪನ್ನು ತನ್ನ ಹೊಟ್ಟೆಯೊಳಗೆ ಎಳೆದುಕೊಂಡಿದೆಯೇ ಎಂದು ಫೈಲಿನ ಪೂರ್ತಿ ಪಾಥ್ (ವಿಳಾಸ) ನೋಡಿ. ಕಲಿಕೆಯ ಫೈಲ್‌ಗಳಿಗೆ ಡಿ ಡ್ರೈವಿನಲ್ಲಿ ಸ್ಪೇಸ್ ಇಲ್ಲದ ಚಿಕ್ಕ ಹೆಸರಿನ ಫೋಲ್ಡರ್ ಲೇಸು.

ಹಾಗೆ ಮಾಡಿದರೂ ಬ್ಯಾಕ್‌ಸ್ಲ್ಯಾಷ್ ಕಾಟ ಉಂಟು. ಅಡಿಕೆ ದರದ ಪಟ್ಟಿ ಡಿ:\ರೇಟ್ ಫೋಲ್ಡರಿನಲ್ಲಿದೆ ಎನ್ನಿ. ಇಂಗ್ಲಿಷಿನಲ್ಲಿ ಅದು ಆರ್ ಅಕ್ಷರದಿಂದ ಶುರುವಾಗುತ್ತದೆ, ಬ್ಯಾಕ್‌ಸ್ಲ್ಯಾಷ್ ಪಕ್ಕ ಆರ್ ಬಂದರೆ ಪೈಥಾನಿಗೆ ಅದು ಕ್ಯಾರೇಜ್ ರಿಟರ್ನ್. ಎನ್ ಬಂದರೆ ಹೊಸ ಸಾಲು, ಟಿ ಬಂದರೆ ಟ್ಯಾಬ್. ಸಿ ಡ್ರೈವಿನ ಯೂಸರ್ಸ್‌ನಲ್ಲಿ ದೊಡ್ಡ ಯು ಇರುವುದರಿಂದ ಯೂನಿಕೋಡ್ ಎಸ್ಕೇಪ್ ಎಂಬ ಸಿಂಟ್ಯಾಕ್ಸ್ ಎರರ್ ಮುಖಕ್ಕೇ ಹೊಡೆಯುತ್ತದೆ. ಪಾಥ್‌ನ ಉದ್ಧರಣ ಚಿಹ್ನೆಗೆ ಮುಂಚೆ ಸಣ್ಣ ಆರ್ ಹಾಕಿ, ಇಲ್ಲವೇ ಮುಂದಕ್ಕೆ ವಾಲಿದ / ಬಳಸಿ. ವಿಂಡೋಸ್‌ನಲ್ಲೂ ಅದು ನಡೆಯುತ್ತದೆ.

ಈಗ ಎನ್‌ಕೋಡಿಂಗ್. ದಾವಣಗೆರೆ ಜಿಲ್ಲೆಯ ಆರು ತಾಲ್ಲೂಕುಗಳಿಗೆ ಆರು ಟೆಕ್ಸ್ಟ್ ಫೈಲ್ ಮಾಡಿ, ಒಂದೊಂದರಲ್ಲಿ ಒಂದೊಂದು ಹೆಸರು ಕನ್ನಡದಲ್ಲಿ ಬರೆದು, ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರಗಳಿಗೂ ಜಾಗವಿರುವ ಎನ್‌ಕೋಡಿಂಗ್) ಎಂದೇ ಉಳಿಸಿ. ಎನ್‌ಕೋಡಿಂಗ್ ಏನೂ ಹೇಳದೆ ಬರೀ ಓಪನ್‌ನಿಂದ ಓದಿ. ಇಂಗ್ಲಿಷ್ ಸೆಟ್ಟಿಂಗ್ ಇರುವ ವಿಂಡೋಸ್‌ನಲ್ಲಿ ದಾವಣಗೆರೆ ಮತ್ತು ಹರಿಹರ ತಕರಾರಿಲ್ಲದೆ ಓದುತ್ತವೆ, ಆದರೆ ಪ್ರಿಂಟಿಸಿದರೆ ಕಸ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಯೂನಿಕೋಡ್ ಡಿಕೋಡ್ ಎರರ್ ಎಂದು ಕೈಯೆತ್ತುತ್ತವೆ. ಚಿತ್ರದುರ್ಗದ ಆರು ತಾಲ್ಲೂಕುಗಳಲ್ಲಿ ಒಂದೂ ಪಾರಾಗುವುದಿಲ್ಲ.

ಮಾಟವೇನಿಲ್ಲ, ಲೆಕ್ಕ ನೇರವಾಗಿದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್; ಮೊದಲನೆಯದು ಯಾವಾಗಲೂ ಇ0, ಎರಡನೆಯದು ಬಿ2 ಅಥವಾ ಬಿ3 (ಇಲ್ಲಿ ಬೈಟ್‌ಗಳನ್ನು ಹೆಕ್ಸ್ ಎಂಬ ಹದಿನಾರರ ಲೆಕ್ಕದಲ್ಲಿ ಬರೆದಿದೆ). ಓಪನ್‌ಗೆ ಏನೂ ಹೇಳದಿದ್ದರೆ ಅದು ವಿಂಡೋಸ್‌ನ ಹಳೆಯ ಸಿಪಿ1252 ಪಟ್ಟಿ ಹಿಡಿದು ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಎಂದುಕೊಳ್ಳುತ್ತದೆ. ತಲೆಯ ಮೇಲೆ ಓರೆಗೀಟಿರುವ ಎ, ಪಕ್ಕದಲ್ಲಿ ವರ್ಗದ ಚಿಕ್ಕ 2 ಅಥವಾ ಘನದ ಚಿಕ್ಕ 3 ಸಾಲುಗಟ್ಟಿ ಕಂಡರೆ ಅದು ಕೆಟ್ಟ ಫೈಲಲ್ಲ, ತಪ್ಪು ಕನ್ನಡಕದಲ್ಲಿ ನೋಡಿದ ಸರಿಯಾದ ಕನ್ನಡ. ಸಿಪಿ1252ರಲ್ಲಿ 81, 8ಡಿ, 8ಎಫ್, 90, 9ಡಿ ಎಂಬ ಐದು ಮನೆಗಳು ಖಾಲಿ. ನಮ್ಮ ಉಕಾರದ ಕೊಂಬಿನ ಮೂರನೇ ಬೈಟ್ 81, ಒತ್ತಕ್ಷರ ಕೂಡಿಸುವ ಹಲಂತದ್ದು 8ಡಿ, ಏ ಅಕ್ಷರದ್ದು 8ಎಫ್, ಐ ಅಕ್ಷರದ್ದು 90, ಝ ಅಕ್ಷರದ್ದು 9ಡಿ. ಹರಿಹರದಲ್ಲಿ ಕೊಂಬೂ ಇಲ್ಲ, ಒತ್ತೂ ಇಲ್ಲ, ಪಾರು. ಜಗಳೂರಿನ ಕೊನೆಯ ಕೊಂಬು ಹಿಡಿದು ನಿಲ್ಲಿಸುತ್ತದೆ. ಚಿತ್ರದುರ್ಗ ಎಂದು ಬರೆದ ಫೈಲಿನ ಎರರ್ ಓದಿ: ಬೈಟ್ 0ಎಕ್ಸ್8ಡಿ, ಪೊಸಿಷನ್ 11. ಸೊನ್ನೆಯಿಂದ ಎಣಿಸಿದರೆ ಅದು ತ ಆದ ಮೇಲಿನ ಹಲಂತದ ಕೊನೆಯ ಬೈಟೇ.

ಎರಡು ಸಾಲಿನ ಮಾದರಿ ಫೈಲ್ ಸರಿಯಾಗಿ ಓದಿತು, ಸಾವಿರ ಸಾಲಿನ ಅಸಲಿ ಫೈಲ್ ಮಧ್ಯದಲ್ಲಿ ಕುಸಿಯಿತು ಎಂಬಂಥ ದೂರಿನ ಹಿಂದೆ ಇದೇ ಇರಬಹುದು. ಪರಿಹಾರ ಒಂದೇ ಅಭ್ಯಾಸ: ಓದಲಿ ಬರೆಯಲಿ, ಓಪನ್‌ನ ಆವರಣದೊಳಗೆ ಎನ್‌ಕೋಡಿಂಗ್="ಯುಟಿಎಫ್-8" ಬರೆಯಿರಿ. ಪೈಥಾನ್‌ಯುಟಿಎಫ್8 ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ, ಇದರ ಹೆಸರು ಮಾತ್ರ ಪೂರ್ತಿ ದೊಡ್ಡಕ್ಷರದಲ್ಲಿ, 1 ಕೊಟ್ಟರೆ ಎಲ್ಲಕ್ಕೂ ಒಟ್ಟಿಗೆ ಅನ್ವಯಿಸುತ್ತದೆ. ನನಗೆ ಅದು ಅಷ್ಟಾಗಿ ಹಿಡಿಸದು: ನಿಮ್ಮ ಕಂಪ್ಯೂಟರಿನಲ್ಲಿ ಓಡಿ ಗೆಳೆಯನದರಲ್ಲಿ ಬೀಳುವ ಸ್ಕ್ರಿಪ್ಟ್‌ಗಳು ಹುಟ್ಟುವುದು ಹೀಗೇ.

ಎಕ್ಸೆಲ್‌ನದು ಬೇರೆಯೇ ಹಠ. ಯುಟಿಎಫ್-8ರಲ್ಲಿ ಬರೆದ ಸಿಎಸ್‌ವಿ ಫೈಲನ್ನು (ಅಲ್ಪವಿರಾಮದಿಂದ ಕಾಲಮ್ ಬೇರ್ಪಡಿಸಿದ ಪಟ್ಟಿ) ಡಬಲ್ ಕ್ಲಿಕ್ ಮಾಡಿದರೆ ಮತ್ತೆ ಅದೇ ಗೀಟಿನ ಎ. ಎಕ್ಸೆಲ್‌ಗೆಂದೇ ಬರೆಯುವ ಫೈಲಿಗೆ ಯುಟಿಎಫ್-8-ಸಿಗ್ ಬಳಸಿ. ಫೈಲಿನ ತಲೆಗೆ ಮೂರು ಬೈಟಿನ ಗುರುತು ಬೀಳುತ್ತದೆ, ಎಕ್ಸೆಲ್ ಅದನ್ನು ನೋಡಿ ಸುಮ್ಮನಾಗುತ್ತದೆ. ಅಂಥ ಫೈಲನ್ನು ಬರೀ ಯುಟಿಎಫ್-8 ಎಂದು ಓದಿದರೆ ಆ ಗುರುತು ಮೊದಲ ಕಾಲಮ್ಮಿನ ಹೆಸರಿಗೆ ಅಂಟಿಕೊಂಡು, ಕಣ್ಣೆದುರೇ ಇರುವ ಕಾಲಮ್ ಇಲ್ಲ ಎಂದು ಕೀ ಎರರ್ ಬರುತ್ತದೆ. ಓದುವಾಗಲೂ ಸಿಗ್ ಇರಲಿ. ಎಕ್ಸೆಲ್‌ನಿಂದ ಉಳಿಸುವಾಗ ಸಿಎಸ್‌ವಿ ಯುಟಿಎಫ್-8 ಎಂಬ ಆಯ್ಕೆಯನ್ನೇ ಆರಿಸಿ. ಬರೀ ಕಾಮಾ ಡಿಲಿಮಿಟೆಡ್ ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಿಹೋಗುತ್ತದೆ, ಆ ಫೈಲಿನಿಂದ ಯಾವ ಸ್ಕ್ರಿಪ್ಟೂ ಅದನ್ನು ವಾಪಸ್ ತರಲಾರದು. ಸಿಎಸ್‌ವಿಯಲ್ಲಿ ಸಾಲು ಬಿಟ್ಟು ಸಾಲು ಖಾಲಿ ಬಂದರೆ ಓಪನ್‌ಗೆ ನ್ಯೂಲೈನ್="" ಸೇರಿಸಿ. ಪರ್ಮಿಷನ್ ಎರರ್ 13 ಬಂದರೆ ಆ ಫೈಲ್ ಎಕ್ಸೆಲ್‌ನಲ್ಲಿ ತೆರೆದೇ ಇದೆಯೇ ನೋಡಿ, ಮುಚ್ಚಿ.

ನುಡಿ, ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಕಡತಕ್ಕೆ ಇದ್ಯಾವುದೂ ನಾಟದು. ಅದರಲ್ಲಿರುವುದು ಕನ್ನಡದ ವೇಷ ಹಾಕಿದ ಲ್ಯಾಟಿನ್ ಅಕ್ಷರ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು, ಆಮೇಲೆ ಪೈಥಾನ್.

ಪ್ರಿಂಟ್ ಮಾಡಿದಾಗ ಕಪ್ಪು ಕಿಟಕಿಯಲ್ಲಿ ಚೌಕಗಳು ಕಂಡರೆ ಅದು ಫಾಂಟಿನ ಕೊರತೆ, ಡೇಟಾ ಕೆಟ್ಟಿಲ್ಲ. ಆದರೆ ಅದೇ ಔಟ್‌ಪುಟ್ಟನ್ನು > ಚಿಹ್ನೆ ಹಾಕಿ ಫೈಲಿಗೆ ತಿರುಗಿಸಿದರೆ ಮತ್ತೆ ಸಿಪಿ1252 ಬಂದು ಯೂನಿಕೋಡ್ ಎನ್‌ಕೋಡ್ ಎರರ್ ಕೊಡುತ್ತದೆ. ಪ್ರಿಂಟಿನ ಬದಲು ಓಪನ್‌ನಿಂದಲೇ ಬರೆಯಿರಿ.

ಉದ್ದ ಅಳೆಯುವಾಗಲೂ ಎಚ್ಚರ. ಲೆನ್ ಫಂಕ್ಷನ್ ಪ್ರಕಾರ ದಾವಣಗೆರೆಗೆ 8, ಚಿತ್ರದುರ್ಗಕ್ಕೆ 10. ಗುಣಿತದ ಚಿಹ್ನೆ, ಹಲಂತ ಎಲ್ಲವನ್ನೂ ಅದು ಬೇರೆ ಬೇರೆ ಎಣಿಸುತ್ತದೆ. ಕಾಲಮ್ ಹೊಂದಿಸಲು ಇದನ್ನು ನಂಬಿದರೆ ಪಟ್ಟಿ ಡೊಂಕಾಗುತ್ತದೆ, ಹೆಸರಿನ ಮೊದಲ ಮೂರನ್ನು ಕತ್ತರಿಸಿದರೆ ಚಿತ್ರ ಹೋಗಿ ಚಿತ ಉಳಿಯುತ್ತದೆ. ಒಂದು ಖುಷಿಯ ಸಂಗತಿಯೂ ಇದೆ: ಬರಹವನ್ನು ಪೂರ್ಣಾಂಕ ಮಾಡುವ ಇಂಟ್ ಫಂಕ್ಷನ್ ೧೨ ಎಂಬ ಕನ್ನಡ ಅಂಕಿಯನ್ನು ನೇರವಾಗಿ 12 ಎಂದೇ ಓದಿಕೊಳ್ಳುತ್ತದೆ.

ಅದೇ ಇಂಟ್ ಮರೆತರೆ? ಇನ್‌ಪುಟ್ ಕೊಡುವುದು ಯಾವಾಗಲೂ ಸ್ಟ್ರಿಂಗ್, ಅಂದರೆ ಬರಹ. ಲೋಡಿಗೆ ಎಷ್ಟು ಕ್ವಿಂಟಲ್ ಮೆಕ್ಕೆಜೋಳ ಎಂಬ ಪ್ರಶ್ನೆಗೆ 12 ಎಂದು ಟೈಪಿಸಿ, ಪ್ರೋಗ್ರಾಮಿನಲ್ಲಿ 3 ಲೋಡಿಗೆ ಗುಣಿಸಿದರೆ 36ರ ಬದಲು 121212 ಬರುತ್ತದೆ. ಎರರ್ ಮಾತ್ರ ಬರುವುದಿಲ್ಲ.